ಮಗ್ಗದ ಕುಣಿ ಮುಚ್ಚಿಸಿದವಳು

ವರ್ಷಕ್ಕೊಮ್ಮೆ ನಮ್ಮ ವಿಭಾಗದ ಸಾಧನೆಗಳ ಪಟ್ಟಿ ಬರೆಯುವ ಕೆಲಸ ಯಾರ ಕೊರಳಿಗಾದರೂ ಬೀಳುತ್ತದೆ. ಈ ಸಲ ನನ್ನ ಕೊರಳಿಗೆ ಬಿತ್ತು. ನಮ್ಮದು ವಿಶ್ವವಿದ್ಯಾಲಯದ ಪುನರ್ವಸತಿ ವಿಜ್ಞಾನ ವಿಭಾಗ. ಲಕ್ವಾ ಹೊಡೆದವರನ್ನು, ಸೊಂಟ ಮುರಿದವರನ್ನು, ಮಾತು ಹೋದವರನ್ನು ಮತ್ತೆ ಬದುಕಿಗೆ ಎಬ್ಬಿಸುವ ವಿದ್ಯೆ ಕಲಿಸುವ ಜಾಗ. ನಾನಲ್ಲಿ ಫಿಸಿಯೋಥೆರಪಿ ಕಲಿಸುತ್ತೇನೆ. ಯಾವ ವಿದ್ಯಾರ್ಥಿಗೆ ಯಾವ ಬಹುಮಾನ ಬಂತು, ಯಾವ ಅಧ್ಯಾಪಕರ ಪ್ರಬಂಧ ಎಲ್ಲಿ ಅಚ್ಚಾಯಿತು, ಯಾರಿಗೆ ಎಲ್ಲಿ ಶಾಲು ಹೊದಿಸಿದರು, ಇಷ್ಟನ್ನು ಒಂದು ಪುಟದಲ್ಲಿ ಬರೆದು ಆಫೀಸಿಗೆ ಕೊಟ್ಟರೆ ಮುಗಿಯಿತು. ಅರ್ಧ ಗಂಟೆಯ ಕೆಲಸ. ನಾನು ಮೂರು ದಿನದಿಂದ ಮೊದಲನೆಯ ಸಾಲಿನಲ್ಲೇ ಕೂತಿದ್ದೇನೆ.

ಆ ಸಾಲು ಹೀಗಿರಬೇಕು: ಅಂತಿಮ ವರ್ಷದ ವಿದ್ಯಾರ್ಥಿನಿಗೆ ರಾಜ್ಯಮಟ್ಟದ ಸಮ್ಮೇಳನದಲ್ಲಿ ಪ್ರಥಮ ಬಹುಮಾನ, ಮಾರ್ಗದರ್ಶಕಿಗೂ ಗೌರವ. ಮಾರ್ಗದರ್ಶಕಿ ಅಂದರೆ ನಾನು. ಬಹುಮಾನ ತಂದುಕೊಟ್ಟ ಎಡಗೈ ಮಾತ್ರ ನನ್ನ ಕಾಕಾನದು, ಅಪ್ಪನ ತಮ್ಮನದು. ಕಾಕಾ ಈ ಶ್ರಾವಣದಲ್ಲಿ ತೀರಿಕೊಂಡ. ಸಾಧನೆಯ ಪಟ್ಟಿಯಲ್ಲಿ ಅದನ್ನು ಬರೆಯಲು ಬರುವುದಿಲ್ಲ, ಗೊತ್ತಿದೆ. ಆದರೆ ಎಲ್ಲಾದರೂ ಒಂದು ಕಡೆ ಖರೆ ಮಾತು ಬರೆಯದಿದ್ದರೆ ಆ ಮೊದಲನೆಯ ಸಾಲು ನನ್ನಿಂದ ಮುಗಿಯುವುದಿಲ್ಲ.

ನಾವು ರಬಕವಿಯ ನೇಕಾರರು. ನಮ್ಮಪ್ಪನ ಮನೆ, ಕಾಕಾನ ಮನೆ ಎರಡಕ್ಕೂ ನಡುವೆ ಒಂದೇ ಗೋಡೆ. ಓಣಿಯಲ್ಲಿ ಒಬ್ಬೊಬ್ಬರೇ ಪಾವರ್‌ಲೂಮಿಗೆ ಹೊರಳಿದರು, ಅಪ್ಪನೂ ಹೊರಳಿದ. ಕಾಕಾ ಮಾತ್ರ ಜಪ್ಪಯ್ಯ ಅನ್ನಲಿಲ್ಲ. "ಅದು ತಾನ ನೇಯತೈತಿ. ನಾ ಏನ ಅದಕ್ಕ ಕಾವಲು ಕುಂಡ್ರಲೇನ?" ಅನ್ನುತ್ತಿದ್ದ. ಅವನದು ಕೈಮಗ್ಗ, ನಡುಮನೆಯ ನೆಲದಲ್ಲಿ ಕುಣಿ ತೋಡಿ ಕೂರಿಸಿದ್ದು. ಕುಣಿಯ ದಂಡೆಗೆ ಕೂತು ಕಾಲು ಕೆಳಗೆ ಬಿಟ್ಟು ತುಳಿಯಬೇಕು. ಬಲಗೈಯಲ್ಲಿ ಹಗ್ಗ ಜಗ್ಗಿದರೆ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತದೆ. ಓಡಿದ ಎಳೆಯನ್ನು ಎಡಗೈಯಿಂದ ಹಣಿಗೆ ಎಳೆದು ಬಡಿದು ಬಿಗಿ ಮಾಡಬೇಕು. ಹಣಿಗೆ ಅಂದರೆ ಬಾಚಣಿಗೆಯಂಥ ಹಲ್ಲಿರುವ ಮರದ ಚೌಕಟ್ಟು. ಕಾಕಾನ ಹಣಿಗೆಯ ಮೇಲೆ ಅವನ ಎಡಗೈ ಹಿಡಿಯುವ ಜಾಗ ಸವೆದು ತಗ್ಗಾಗಿತ್ತು. ನಾನು ಸಣ್ಣವಳಿದ್ದಾಗ ಬೇಸಿಗೆಯಲ್ಲಿ ಆ ಕುಣಿಗಿಳಿದು ಅವನ ಕಾಲ ಹತ್ತಿರ ಕೂರುತ್ತಿದ್ದೆ. ತಂಪಾಗಿರುತ್ತಿತ್ತು. "ಏಳ ಬೇ, ಕಾಲಿಗೆ ತೊಡರತಿ" ಅಂತ ಬೈಯುತ್ತಿದ್ದ, ಆದರೆ ಎಬ್ಬಿಸುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಚಳಿಗಾಲದ ಒಂದು ಮುಂಜಾನೆ ಹಣಿಗೆಯ ಸಪ್ಪಳ ನಡುವೆಯೇ ನಿಂತಿತು. ಎಳೆ ಹರಿದಿರಬೇಕು ಅಂದುಕೊಂಡು ಅವನ ಹೆಂಡತಿ, ನನ್ನ ಚಿಗವ್ವ, ಅಡಿಗೆಮನೆಯಲ್ಲೇ ಇದ್ದಳು. ಹೊತ್ತಾದರೂ ಸಪ್ಪಳ ಬರಲಿಲ್ಲ ಅಂತ ಬಂದು ನೋಡಿದರೆ ಕಾಕಾ ಬಟ್ಟೆಯ ಮೇಲೆ ಓರೆಯಾಗಿ ಒರಗಿದ್ದ. ನಾಲ್ಕು ಜನ ಸೇರಿ ಕುಣಿಯಿಂದ ಎತ್ತಿದರು. ಜಮಖಂಡಿಯ ಆಸ್ಪತ್ರೆಗೆ ನಾನು ಓಡಿ ಹೋದಾಗ ಎಡಗೈ ಎಡಗಾಲು ಎರಡೂ ಬಿದ್ದುಹೋಗಿದ್ದವು. ಮಾತು ಉಳಿದಿತ್ತು. ಆ ಮಾತಿನಲ್ಲಿ ಅವನು ಕೇಳಿದ ಮೊದಲನೆಯದೇ ಇದು: "ಮಗ್ಗಕ್ಕ ಯಾವಾಗ ಕುಂಡ್ರಲಿ?"

"ಮೊದಲ ಮಂಚದ ಮ್ಯಾಲ ಕುಂಡ್ರು ಕಾಕಾ," ಅಂದೆ. ಅರ್ಧ ಮುಖದಲ್ಲಿ ನಕ್ಕ.

ಆಸ್ಪತ್ರೆಯಿಂದ ಬಿಡುವ ಮೊದಲು ರೋಗಿಯ ಮನೆಗೆ ಹೋಗಿ ನೋಡುವುದು ನಮ್ಮ ವಿದ್ಯೆಯ ಒಂದು ಕ್ರಮ. ಮಂಚ ಎಷ್ಟು ಎತ್ತರ, ಬಚ್ಚಲಿಗೆ ಹಿಡಿದುಕೊಳ್ಳಲು ಏನಿದೆ, ಎಲ್ಲಿ ಎಡವಬಹುದು, ಎಲ್ಲಿ ಬೀಳಬಹುದು. ಅದಕ್ಕೊಂದು ಅಚ್ಚಾದ ಹಾಳೆಯೇ ಇದೆ. ಒಂದೊಂದಕ್ಕೂ ಗುರುತು ಹಾಕುತ್ತ ಹೋಗಬೇಕು. ನಾನು ಹುಟ್ಟಿ ಬೆಳೆದ ಓಣಿಗೆ, ನಾನು ಆಡಿದ ಮನೆಗೆ ಆ ಹಾಳೆ ಹಿಡಿದುಕೊಂಡು ಹೋದೆ. ಪಾಯಖಾನೆಗೆ ಕಮೋಡು ಕೂರಿಸಬೇಕು ಅಂತ ಬರೆದೆ. ಗೋಡೆಗೆ ಕಬ್ಬಿಣದ ಸರಳು. ಹೊಸ್ತಿಲು ತಗ್ಗಿಸಬೇಕು. ನಡುಮನೆಗೆ ಬಂದೆ. ಬೀಳುವ ಅಪಾಯ ಎಲ್ಲಕ್ಕಿಂತ ದೊಡ್ಡದು ಅಲ್ಲೇ ಬಾಯಿ ತೆರೆದುಕೊಂಡಿತ್ತು. ಕುಣಿ ಮುಚ್ಚಿಸಬೇಕು ಅಂತ ಬರೆದು ಕೆಳಗೊಂದು ಗೆರೆ ಎಳೆದೆ.

ಚಿಗವ್ವ ಪಕ್ಕದಲ್ಲಿ ನಿಂತಿದ್ದಳು. ಓದಲು ಬರುವುದಿಲ್ಲ, ಅದಕ್ಕೆ ನಾನು ಒಂದೊಂದೇ ಹೇಳಿದೆ. ಎಲ್ಲಕ್ಕೂ ಹೂಂ ಅಂದವಳು ಇದಕ್ಕೆ ಅನ್ನಲಿಲ್ಲ.

"ಕುಣೀನೂ ಮುಚ್ಚಬೇಕೇನವಾ?"

"ಹೂಂ. ಬಚ್ಚಲಕ್ಕ ಹೊಂಟಾಗ ಕಾಲು ಜಾರಿ ಅದರಾಗ ಬಿದ್ರ ಸೊಂಟ ಮುರೀತೈತಿ. ಅದು ಕೂಡಾಂಗಿಲ್ಲ ಚಿಗವ್ವ."

"ಹಂಗಾರ ಅಂವಾ ಮತ್ತ ಕುಂಡ್ರಾಂಗಿಲ್ಲಂತಿ?"

ಎದುರಿಗೆ ನಿಂತವಳು ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು. ನಾನು ರೋಗಿಯ ಮನೆಯವರಿಗೆ ಆಡುವ ದನಿಯಲ್ಲಿ ಉತ್ತರ ಕೊಟ್ಟೆ. "ಅದು ಕಷ್ಟ ಐತಿ. ಆಸೆ ಇಟ್ಕೋಬ್ಯಾಡ್ರಿ," ಅಂದೆ. ಚಿಗವ್ವನಿಗೆ ನಾನು ಹುಟ್ಟಿದಾಗಿನಿಂದ ರೀ ಹಚ್ಚಿ ಮಾತಾಡಿದ್ದು ಅವತ್ತೊಂದೇ ದಿನ.

ನಮ್ಮ ಓಣಿಯಲ್ಲಿ ಬದುಕಿದ ನೇಕಾರನ ಕುಣಿ ಮುಚ್ಚುವುದಿಲ್ಲ. ಪಾವರ್‌ಲೂಮಿಗೆ ಹೋದವರೂ ಮುಚ್ಚಿಲ್ಲ. ಮೇಲೆ ಹಲಗೆ ಹಾಸಿ ಬಿಡುತ್ತಾರೆ. ನೇಯುವವನು ತೀರಿದ ಮೇಲೆ, ಮುಂದೆ ಕೂರುವವರು ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ, ಕಾಯಿ ಒಡೆದು ಮಣ್ಣು ತುಂಬುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ನಮ್ಮಪ್ಪನ ಕುಣಿಯ ಹಲಗೆಯ ಮೇಲೆ ಕೂತೇ ನಾನು ಪರೀಕ್ಷೆಗೆ ಓದಿದವಳು. ಎರಡು ಹಲಗೆ ಹಾಸಿ ಮೊಳೆ ಹೊಡೆಯಿರಿ ಅಂದಿದ್ದರೆ ಸಾಕಿತ್ತು. ಆದರೆ ಹಾಳೆಯಲ್ಲಿ ಇದ್ದದ್ದು ಅಪಾಯ ತೆಗೆಯಬೇಕು ಅಂತ. ನಾನು ಹಾಳೆ ಹೇಳಿದಂತೆ ಕೇಳಿದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನಮ್ಮವ್ವ ಅನ್ನುತ್ತಿದ್ದಳು. ಅದು ನನ್ನಂಥವಳನ್ನು ನೋಡಿಯೇ ಹುಟ್ಟಿದ ಮಾತು.

ಮನೆಯ ದುರಸ್ತಿ ಮುಗಿಯುವ ತನಕ ಕಾಕಾನನ್ನು ಮುಧೋಳದಲ್ಲಿ ಅವನ ಮಗಳ ಮನೆಗೆ ಕಳಿಸಿದೆವು. ಅಲ್ಲಿ ಕಮೋಡಿತ್ತು, ಮೆಟ್ಟಿಲಿರಲಿಲ್ಲ. ಚಿಗವ್ವ ರಬಕವಿಯಲ್ಲೇ ಇದ್ದು ಗೌಂಡಿಯವನ ಬೆನ್ನು ಹತ್ತಿ ಕೆಲಸ ಮಾಡಿಸಿದಳು. ಮಗ್ಗ ಬಿಚ್ಚಿಸಿದಳು, ಅಮಾವಾಸ್ಯೆಗೆ ಮಗ್ಗದ ಪೂಜೆ ಮಾಡಿದಳು, ಮರುದಿನ ತಾನೇ ಕಾಯಿ ಒಡೆದು ಕುಣಿಗೆ ಮೊದಲ ಬುಟ್ಟಿ ಮಣ್ಣು ಹಾಕಿದಳು. ಮೇಲೆ ಸಿಮೆಂಟು, ಅದರ ಮೇಲೆ ಬಿಳಿ ಟೈಲ್ಸು. ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದಳು. "ಕಾಕಾಗ ನೀನ ಹೇಳು. ನನ್ನ ಬಾಯಿಲೆ ಬರಾಂಗಿಲ್ಲ," ಅಂದಳು. ಹೇಳುತ್ತೇನೆ ಅಂದೆ.

ನಮ್ಮ ವಿಭಾಗದ್ದೊಂದು ಕೇಂದ್ರ ಜಮಖಂಡಿಯಲ್ಲಿದೆ. ವಾರಕ್ಕೆ ಮೂರು ದಿನ ಮಗಳು ಕಾಕಾನನ್ನು ಅಲ್ಲಿಗೆ ಕರೆದುಕೊಂಡು ಬರುತ್ತಿದ್ದಳು. ನನ್ನ ಸ್ವಂತದವನಿಗೆ ನಾನೇ ವ್ಯಾಯಾಮ ಮಾಡಿಸುವುದು ಬೇಡ ಅಂತ ಅವನನ್ನು ಅಂತಿಮ ವರ್ಷದ ಒಬ್ಬ ಹುಡುಗಿಗೆ ಒಪ್ಪಿಸಿದೆ. ಬೀಳಗಿಯ ಕಡೆಯವಳು, ಬಾಡಗಂಡಿಯ ಹತ್ತಿರದ ಹಳ್ಳಿ, ಕುರಿ ಕಾಯುವ ಮನೆತನ. ಅವಳ ಅಪ್ಪ ಕಾಲು ಮುರಿದ ಕುರಿಮರಿಗೆ ಬಿದಿರ ದಬ್ಬೆ ಕಟ್ಟಿ ಹೆಗಲ ಮೇಲೆ ಹೊತ್ತು ತಿರುಗುವುದನ್ನು ನೋಡಿಯೇ ತನಗೆ ಈ ವಿದ್ಯೆಯ ಹುಚ್ಚು ಹತ್ತಿತು ಅಂತ ಸಂದರ್ಶನದಲ್ಲಿ ಹೇಳಿದ್ದಳು. ಮಾತು ಕಡಿಮೆ, ಕಣ್ಣು ಚುರುಕು.

ಎರಡು ವಾರವಾದ ಮೇಲೆ ನನ್ನ ಕೋಣೆಗೆ ಬಂದು ನಿಂತಳು. "ಮೇಡಂ ರೀ, ಅಜ್ಜಾರು ರಬ್ಬರ್ ಚೆಂಡು ಹಿಡೀರಿ ಅಂದ್ರ ಹಿಡಿಯಾಂಗಿಲ್ರಿ. ನಾ ಏನ ಆಡೂ ಹುಡುಗೇನ ಅಂತಾರ್ರಿ. ಆದ್ರ ಮಗ್ಗದ ಸುದ್ದಿ ತಗದ್ರ ಎಡಗೈ ಬಟ್ಟು ತಾವ ಅಲಗತಾವ್ರಿ. ಮೂರು ಸಲ ನೋಡೇನಿ."

ನಾನು ಹೋಗಿ ನೋಡಿದೆ. ಅವಳು ಹೇಳಿದ್ದು ಖರೆ ಇತ್ತು. ಒಂದು ಮಗ್ಗದಂಥದ್ದನ್ನೇ ಮಾಡಿ ಅದರ ಮೇಲೆ ಕೈ ಪಳಗಿಸಿದರೆ ಹೇಗೆ ಅನ್ನುವ ಯೋಚನೆ ಪೂರ್ತಿ ಅವಳದು. ಕುರ್ಚಿಯಲ್ಲಿ ಕೂತು ತುಳಿಯಲು ಎರಡು ತುಳಿಮಣೆ, ಜಗ್ಗಲು ಹಗ್ಗ, ಬಡಿಯಲು ಹಣಿಗೆ, ಭಾರ ಹೆಚ್ಚು ಕಡಿಮೆ ಮಾಡಲು ಮರಳಿನ ಚೀಲ. ಬಡಿಗನೊಬ್ಬ ಕಟ್ಟಿಕೊಟ್ಟ. ಹಣಿಗೆ ಮಾತ್ರ ಅವನಿಂದ ಆಗಲಿಲ್ಲ. ಚಿಗವ್ವನಿಗೆ ಫೋನ್ ಮಾಡಿದೆ. "ಮಗ್ಗ ಬಿಚ್ಚಿ ಮೂಲ್ಯಾಗ ನಿಲ್ಲಿಸೇನಿ. ಬೇಕಾದ್ದು ಒಯ್ಯಿ," ಅಂದಳು. ತಂದು ಕೂರಿಸಿದೆವು.

ಕಾಕಾ ಬಂದ ಕೂಡಲೇ ಗುರುತು ಹಿಡಿದ. ಸವೆದು ತಗ್ಗಾದ ಜಾಗವನ್ನು ಬಲಗೈಯಿಂದ ಸವರಿದ.

"ಇದು ನಂದ ಹಣಿಗಿ ಅಲ್ಲೇನ?"

"ಹೌದು ಕಾಕಾ."

"ಛಲೋ ಮಾಡಿದ್ರಿ. ಆದ್ರ ಕೆಲಸ ಮುಗದಮ್ಯಾಲ ತಿರುಗಿ ಕೊಡ್ರಿ ಮತ್ತ. ಇದಿಲ್ದ ಅಲ್ಲಿ ನನ್ನ ಮಗ್ಗ ಕುರುಡಾಗಿ ನಿಂತಿರತೈತಿ."

ಹೇಳುವ ಹೊತ್ತು ಅದೇ ಆಗಿತ್ತು. ರೋಗಿಯ ಉಮೇದು ಮುರಿಯಬಾರದು ಅಂತ ನಾವು ಮೊದಲ ವರ್ಷದಲ್ಲೇ ಕಲಿಸುತ್ತೇವೆ. ಉಮೇದು ಇದ್ದ ಕೈ ಬೇಗ ತಿರುಗುತ್ತದೆ, ಇಲ್ಲದ ಕೈ ಮರಗಟ್ಟುತ್ತದೆ. ನನ್ನ ವಿದ್ಯೆ ನನ್ನ ಹೇಡಿತನಕ್ಕೆ ಅಷ್ಟು ಚಂದದ ನೆವ ಕೊಟ್ಟಿತು. "ಕೊಡತೇನಿ ಕಾಕಾ," ಅಂದೆ. ಕುಣಿಯ ಸುದ್ದಿ ಸದ್ಯ ಯಾರೂ ಎತ್ತಬೇಡಿ ಅಂತ ಚಿಗವ್ವನಿಗೂ ಮಗಳಿಗೂ ಹೇಳಿದೆ. ಆ ಹುಡುಗಿಗಂತೂ ಕುಣಿಯ ವಿಷಯ ಗೊತ್ತೇ ಇರಲಿಲ್ಲ.

ಆಮೇಲಿನ ತಿಂಗಳುಗಳು, ದೇವರಾಣೆಗೂ, ನಾನು ಈ ಕೆಲಸದಲ್ಲಿ ಕಂಡ ಒಳ್ಳೆಯ ತಿಂಗಳುಗಳು. ಮೊದಲು ಅವನ ಎಡಗೈಯನ್ನು ಹಣಿಗೆಗೆ ಬಟ್ಟೆಯಿಂದ ಕಟ್ಟಿ, ಹುಡುಗಿಯೇ ಹಿಂದೆ ಮುಂದೆ ಆಡಿಸುತ್ತಿದ್ದಳು. ಒಂದು ದಿನ ಅವಳು ಕೈ ಬಿಟ್ಟರೂ ಹಣಿಗೆ ನಾಲ್ಕು ಬೆರಳಿನಷ್ಟು ಮುಂದೆ ಬಂತು. ಕಾಕಾ ಸುಮ್ಮನೆ ಕೈ ನೋಡುತ್ತ ಕೂತ. ಹುಡುಗಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಸಂಕ್ರಮಣ ಹೋಯಿತು, ಯುಗಾದಿ ಬಂತು. ಬಟ್ಟೆಯ ಕಟ್ಟು ಬಿಚ್ಚಿತು. ಅಂಗಿಯ ಗುಂಡಿ ಅವನೇ ಹಾಕಿಕೊಂಡ. ಎರಡೂ ಕಾಲಿನಲ್ಲಿ ತುಳಿದ. ಕೊನೆಗೆ ದಪ್ಪ ನೂಲು ಹಾಸಿ ಕೊಟ್ಟರೆ ಗೇಣುದ್ದದ ಪಟ್ಟಿಯೊಂದನ್ನು ನೇಯ್ದ. "ನನ್ನ ಅಪ್ಪ ಇದನ್ನ ನೋಡಿದ್ರ ಕಪಾಳಕ್ಕ ಹೊಡೀತಿದ್ದ. ಏಟು ಎಲ್ಲೂ ಸಮ ಬಿದ್ದಿಲ್ಲ," ಅಂದ. ಆದರೆ ಮುಖದ ತುಂಬ ಖುಷಿ. ದಿನಾ ಮನೆಗೆ ಹೊರಡುವಾಗ ಅದೇ ಮಾತು. "ಇನ್ನ ಸ್ವಲ್ಪ ದಿನ. ಆಮ್ಯಾಲ ನಾ, ನನ್ನ ಕುಣಿ."

ನನಗೆ ಆಗಾಗ ಅನಿಸುತ್ತಿತ್ತು, ಕುಣಿ ಮತ್ತೆ ಅಗೆಸಬೇಕು ಅಂತ. ಅನಿಸುತ್ತಿತ್ತು, ಅಷ್ಟೇ. ಪರೀಕ್ಷೆ ಬಂತು, ಆಮೇಲೆ ಸಮ್ಮೇಳನಕ್ಕೆ ಭಿತ್ತಿಪತ್ರ ಮಾಡುವ ಗಡಿಬಿಡಿ. ಬಹುಮಾನ ಬರಲಿ, ನೋಡೋಣ ಅಂದುಕೊಂಡೆ. ಅಂದುಕೊಂಡದ್ದು ಹಾಗೆಯೇ.

ಬಹುಮಾನ ಬಂತು. ಭಿತ್ತಿಪತ್ರದ ನಡುವೆ ಕಾಕಾ ನೇಯ್ದ ಗೇಣು ಪಟ್ಟಿಯನ್ನೇ ಅಂಟಿಸಿದ್ದೆವು. ತೀರ್ಪುಗಾರರು ಅದನ್ನು ಮುಟ್ಟಿ ಮುಟ್ಟಿ ನೋಡಿದರು. ವಿಭಾಗದಲ್ಲಿ ಸತ್ಕಾರ ಇಟ್ಟುಕೊಂಡರು. ಹುಡುಗಿಯ ಅಪ್ಪ ಕಂಬಳಿ ಹೊದ್ದು ಬಂದವನು ಪ್ರಶಸ್ತಿ ಪತ್ರದ ಮೇಲೆ ಬೀರಪ್ಪನ ಭಂಡಾರ ಹಚ್ಚಿಬಿಟ್ಟ. ಗಾಜಿನ ಮೇಲೆಲ್ಲ ಅರಿಶಿನ. ಯಾರೂ ಒರೆಸಲಿಲ್ಲ. ಕಾಕಾನಿಗೂ ಶಾಲು ಹೊದಿಸಿದರು. ಅದರ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, "ಮಷೀನಿಂದು," ಅಂತ ನನ್ನ ಕಿವಿಯಲ್ಲಿ ಹೇಳಿದ.

ಮೈಕ್ ನನ್ನ ಕೈಗೆ ಬಂದಾಗ ನಾನು ಏನು ಹೇಳಿದೆ ಗೊತ್ತೇ? ಈ ಹಿರಿಯರು ಮತ್ತೆ ತಮ್ಮ ಮಗ್ಗಕ್ಕೆ ಮರಳುತ್ತಿದ್ದಾರೆ, ನಮ್ಮ ವಿದ್ಯೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಚಿಗವ್ವ ಮಾತ್ರ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ತಲೆ ಬಗ್ಗಿಸಿದ್ದಳು. ಕಾಕಾ ಎದ್ದು ನಿಂತು ಕೈ ಮುಗಿದ, ಎರಡೂ ಕೈ ಕೂಡಿಸಿ. ಕೆಳಗಿಳಿದ ಮೇಲೆ, "ನಾಳೆ ಮನಿಗೆ ಹೊಂಟೆ. ಇನ್ನ ಮುಧೋಳ ಸಾಕು," ಅಂದ. ಹುಡುಗಿ ಹಣಿಗೆಯನ್ನು ಬಿಚ್ಚಿ ಒಗೆದ ಬಟ್ಟೆಯಲ್ಲಿ ಸುತ್ತಿ ಅವನ ತೊಡೆಯ ಮೇಲಿಟ್ಟಳು.

ಮರುದಿನ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಹೇಳುತ್ತೇನೆ ಅಂತ ಗಟ್ಟಿ ಮಾಡಿಕೊಂಡಿದ್ದೆ. ಅವನು ದಾರಿ ತುಂಬ ಯಾವ ಸೀರೆಗೆ ಯಾವ ಅಂಚು ಅಂತ ಮಾತಾಡುತ್ತ ಬಂದ. ರಬಕವಿ ಬಂದೇ ಬಿಟ್ಟಿತು.

ಕೋಲು ಬಲಗೈಯಲ್ಲಿ, ಹಣಿಗೆ ಎಡಗೈಯ ಕಂಕುಳಲ್ಲಿ. ಹೊಸ್ತಿಲು ದಾಟಿದ. ನಡುಮನೆಯ ಬಾಗಿಲಲ್ಲಿ ನಿಂತ. ಬಿಳಿ ಟೈಲ್ಸು, ಅದರ ಮೇಲೆ ಅವನಿಗಾಗಿ ತಂದ ಹೊಸ ಮಂಚ. ಅವನು ನೆಲವನ್ನು ನೋಡಿದ, ಮೂಲೆಯಲ್ಲಿ ಕಟ್ಟಿಟ್ಟ ಮಗ್ಗದ ಕಟ್ಟಿಗೆ ನೋಡಿದ, ಮತ್ತೆ ನೆಲವನ್ನು ನೋಡಿದ.

"ಯಾರು ಮುಚ್ಚಿಸಿದವರು?"

ಚಿಗವ್ವ ಅಡಿಗೆಮನೆಯ ಬಾಗಿಲಿಂದಲೇ ಹೇಳಿದಳು. "ನಾನ ಮುಚ್ಚಿಸಿದ್ನಿ."

"ನೀ?"

"ಹೂಂ. ನೀ ಬೀಳತಿ ಅಂತ ಅಂಜಿಕಿ ಬಂತು. ಮುಚ್ಚಿಸಿದ್ನಿ."

ನಾನು ನಡುವೆ ಬಾಯಿ ಹಾಕಿದೆ. ಸತ್ಯ ಹೇಳಲು ಅಲ್ಲ. "ಮತ್ತ ಅಗಸೂಣು ಕಾಕಾ. ನಾಳೇನ ಗೌಂಡ್ಯಾರನ್ನ ಕರಸ್ತೇನಿ," ಅಂದೆ.

"ತುಂಬಿದ ಮಣ್ಣಾಗ ಮಗ್ಗದ ಗೂಟ ನಿಲ್ಲಾಂಗಿಲ್ಲ ತಂಗಿ. ಹಣಿಗಿ ಹೊಡದಾಗೊಮ್ಮೆ ಅಲಗತಾವು." ಕೋಲಿನ ತುದಿಯಿಂದ ಟೈಲ್ಸನ್ನು ತಟ್ಟಿದ. "ಸತ್ತಾಂವನ ಕುಣಿ ಮುಚ್ಚತಾರ. ಇಕಿ ನನ್ನ ಕುಣಿ ಮುಚ್ಚಿದ್ಲು. ಆತು."

ಹಣಿಗೆಯನ್ನು ಮಗ್ಗದ ಕಟ್ಟಿಗೆಯ ಪಕ್ಕಕ್ಕೆ ಆನಿಸಿ, ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಚಿಗವ್ವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಸುತ್ತಲ ಮನೆಗಳ ಪಾವರ್‌ಲೂಮಿನ ಸದ್ದಿನಲ್ಲಿ ಮೆಲ್ಲಗೆ ಆಡಿದರೆ ಯಾರಿಗೂ ಕೇಳುವುದಿಲ್ಲ. "ಯಾಕ ಸುಳ್ಳ ಹೇಳಿದಿ ಚಿಗವ್ವ?" ಅಂದೆ.

"ನನ್ನ ಮ್ಯಾಲ ಸಿಟ್ಟಾದ್ರ ಮನ್ಯಾಗಿನ ಸಿಟ್ಟು, ಮನ್ಯಾಗ ಇರತೈತಿ. ನಿನ್ನ ಮ್ಯಾಲ ಸಿಟ್ಟಾದ್ರ ಅಂವಾ ಕೈ ತೋರಸೂದು ಬಿಡತಾನ. ನೀ ಬಾಯಿ ಬಿಡಬ್ಯಾಡ. ನನ್ನ ಆಣಿ ಐತಿ."

ಆ ಕ್ಷಣ ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದು ಹಾಗಾಯಿತಲ್ಲ ಅಂತಲೇ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ. ಅವಳ ಆಣೆ ಮುರಿಯಬಾರದು ಅಂತ ನಾನು ಸುಮ್ಮನಿದ್ದೆನೋ, ಆಣೆ ಸಿಕ್ಕಿತು ಅಂತ ಸುಮ್ಮನಿದ್ದೆನೋ, ಕೇಳಿದರೆ ಹೇಳಲಾರೆ.

ಚಿಗವ್ವನ ಲೆಕ್ಕಾಚಾರ ತಪ್ಪಿತು. ಅವನು ಜಮಖಂಡಿಗೆ ಬರುವುದನ್ನೂ ಬಿಟ್ಟ. ನಾನು ವಾರಕ್ಕೊಮ್ಮೆ ಹೋಗಿ ಬೆರಳು ಬಿಡಿಸಿದರೆ ಬೇಡ ಅನ್ನುತ್ತಿರಲಿಲ್ಲ, ಆದರೆ ತಾನಾಗಿ ಒಂದು ಬೆರಳು ಎತ್ತುತ್ತಿರಲಿಲ್ಲ. "ಯಾತಕ್ಕ ಬೇ ಇದು?" ಅನ್ನುತ್ತಿದ್ದ. ಹತ್ತು ತಿಂಗಳಲ್ಲಿ ತೆರೆದ ಕೈ ಒಂದು ಚಳಿಗಾಲ, ಒಂದು ಬೇಸಿಗೆ ಕಳೆಯುವುದರಲ್ಲಿ ಮತ್ತೆ ಮುಷ್ಟಿಯಾಗಿ ಮುಚ್ಚಿತು. ಹುಡುಗಿ ಪಾಸಾಗಿ ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದಳು. ಅಜ್ಜಾರು ಹ್ಯಾಂಗದಾರ್ರಿ, ಸೀರಿ ನೇಯಾಕತ್ತಾರೇನ್ರಿ ಅಂತ ಮೆಸೇಜು ಕಳಿಸಿದರೆ, ಛಲೋ ಅದಾರ ಅಂತ ಉತ್ತರ ಬರೆದೆ.

ಚಿಗವ್ವನ ಜೊತೆ ಅವನು ಮಾತು ಬಿಟ್ಟ. ಜಗಳವಿಲ್ಲ, ಬೈಗುಳವಿಲ್ಲ. ನಲವತ್ತು ವರ್ಷ ಅವಳು ಸುತ್ತಿದ ನೂಲಿನಿಂದಲೇ ಇವನು ನೇಯ್ದವನು, ಕೈ ಚಾಚಿದರೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಕೈಯಲ್ಲಿ ಇರುತ್ತಿತ್ತು. ಈಗ ಅವಳ ಕೈಯಿಂದ ಒಂದು ತಂಬಿಗೆ ನೀರೂ ತೆಗೆದುಕೊಳ್ಳಲಿಲ್ಲ. ಅವಳು ತಾಟು ಸ್ಟೂಲಿನ ಮೇಲಿಟ್ಟು ಹೋಗಬೇಕು. ಅವಳು ಮರೆಯಾದ ಮೇಲೆ ಇವನು ಉಣ್ಣಬೇಕು. ಚಿಗವ್ವ ಅದಕ್ಕೂ ಒಗ್ಗಿಕೊಂಡಳು. ಒಮ್ಮೆಯೂ ನನ್ನ ಕಡೆ ಬೇರೆ ಕಣ್ಣಿನಿಂದ ನೋಡಲಿಲ್ಲ. ನೋಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಷಾಢದಲ್ಲಿ ಒಂದು ಮಧ್ಯಾಹ್ನ, ಇವತ್ತು ಹೇಳಿಯೇ ತೀರುತ್ತೇನೆ ಅಂತ ಹೋದೆ. ಆಣೆ ಮುರಿದರೆ ಮುರಿಯಲಿ. ಮಂಚದ ಅಂಚಿಗೆ ಕೂತು ಅವನ ಎಡಗೈ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸತೊಡಗಿದೆ. ಅವನು ಬಹಳ ಸೊರಗಿದ್ದ. ನನ್ನನ್ನೇ ನೋಡುತ್ತಿದ್ದ.

"ಕಾಕಾ, ಒಂದು ಮಾತು ಹೇಳೂದೈತಿ," ಅಂದೆ.

"ಮೊದಲ ನಂದು ಕೇಳು," ಅಂದ. "ನಾ ಬಿದ್ದಾಗ ಎಲ್ಲಾರೂ ನನ್ನ ಕೈ ಸತ್ತತಿ ಅಂದ್ರು. ಜೋಡಿ ಬಾಳೇವು ಮಾಡಿದಾಕಿ ಸೈತ ಸತ್ತತಿ ಅಂತ ತಿಳದು ಕುಣಿ ಮುಚ್ಚಿದ್ಲು. ನೀ ಒಬ್ಬಾಕಿ ಈ ಕೈ ಮ್ಯಾಲ ನಂಬಿಗಿ ಇಟ್ಟಿದ್ದಿ. ಅದೊಂದು ನಾ ಮರಿಯಾಂಗಿಲ್ಲ ನೋಡವಾ."

ಚಿಗವ್ವ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ನೋಡಿ, ಬೇಡ ಅನ್ನುವಂತೆ ತಲೆ ಅಲ್ಲಾಡಿಸಿದಳು.

"ಏನು ನಿಂದು ಮಾತು?" ಕಾಕಾ ಕೇಳಿದ.

"ಏನಿಲ್ಲ ಕಾಕಾ," ಅಂದೆ.

ಚಿಗವ್ವ ಒಳಗೆ ಬಂದು, ಅವನು ತನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ ಅಂತ ಕಪ್ಪನ್ನು ನನ್ನ ಕೈಗೆ ಕೊಟ್ಟಳು. ನಾನು ಅವನಿಗೆ ಕುಡಿಸಿದೆ.